ಹಸಿ ಮರದ ತೂಕ

2006. ಗಿಂಡಿ ಬಡಾವಣೆಯ ಒಂದು ಸಲಹಾ ಸಂಸ್ಥೆಯಲ್ಲಿ ನಾನು ಕಾರ್ಬನ್ ಪರಿಶೀಲಕಿ. ಮರಗಳು ಗಾಳಿಯಿಂದ ಹೀರಿಟ್ಟುಕೊಳ್ಳುವ ಇಂಗಾಲಕ್ಕೆ ಹಣ ಹೂಡುವವರು ಆಗಷ್ಟೇ ಬರತೊಡಗಿದ್ದರು; ಯೋಜನೆಗಳ ಲೆಕ್ಕ ನಿಜವೇ ಎಂದು ನೋಡುವುದು ನನ್ನ ಕೆಲಸ. ಒಂದು ದಿನ ಮೇಜಿಗೆ ಬಂದ ಯೋಜನೆಯ ಮೇಲೆ ಸದಾನಂದರ ಹೆಸರಿತ್ತು. ಕರಾವಳಿಯ ಮರಳು ನೆಲದಲ್ಲಿ ಸಾವಿರ ಹೆಕ್ಟೇರ್ ಗಾಳಿಮರ.

1999ರಲ್ಲಿ ಅವರು ನನ್ನ ಮೇಲಧಿಕಾರಿ. ಎರಡು ಬೇಸಿಗೆ ಮರಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆದು, ಕಡಿಸಿ, ತೂಗಿಸಿ ನಾನು ಸಿದ್ಧಪಡಿಸಿದ, ಸುತ್ತಳತೆಯಿಂದಲೇ ಮರದ ತೂಕ ಹೇಳುವ ಸೂತ್ರವನ್ನು ತಮ್ಮ ಹೆಸರಿನಲ್ಲಿ ಅಚ್ಚಿಗೆ ಕಳಿಸಿದ್ದರು. ಕೇಳಲು ಹೋದಾಗ, "ಎಂತ ಮಾರಾಯ್ತಿ, ಟೇಪ್ ಹಿಡಿದವರ ಹೆಸರೆಲ್ಲ ಹಾಕ್ಲಿಕ್ಕೆ ಅದೇನು ಮದುವೆ ಕಾಗದವಾ?" ಎಂದರು. ಕೋಣೆಯಲ್ಲಿ ಎಲ್ಲರೂ ನಕ್ಕರು. ಎಲ್ಲರೂ ಎಂದರೆ ಬಹುಶಃ ಇಬ್ಬರು. ನೆನಪು ಪ್ರತಿ ಸಲ ಒಂದು ಕುರ್ಚಿ ಸೇರಿಸುತ್ತದೆ.

ಅವಸರದಲ್ಲಿ ಅವರು ಒಯ್ದದ್ದು ನನ್ನ ಮೊದಲ ಕರಡು. ಅದರಲ್ಲಿದ್ದದ್ದು ಹಸಿ ಮರದ ತೂಕ. ಹಸಿ ಮರದಲ್ಲಿ ಸುಮಾರು ಅರ್ಧ ನೀರು. ತುಂಡುಗಳನ್ನು ಓವನ್‌ನಲ್ಲಿ ಒಣಗಿಸಿ ತೂಗಿದ ಮೇಲೆಯೇ ಇಂಗಾಲದ ಲೆಕ್ಕ. ಒಣ ತೂಕ ನನ್ನ ನೋಟ್‌ಬುಕ್ಕಿನಲ್ಲೇ ಉಳಿಯಿತು. ಹೇಳಲಿಲ್ಲ. ಏಳು ವರ್ಷ.

ಹೊಸ ಯೋಜನೆಯಲ್ಲೂ ಅದೇ ಸೂತ್ರ, ಅದೇ ತಪ್ಪು. ಸಂದೇಹ ಬಂದರೆ ಮೊದಲು ಯೋಜನೆ ಬರೆದವರಿಗೆ ಪತ್ರ ಹಾಕುವುದು ನಮ್ಮಲ್ಲಿನ ಪದ್ಧತಿ. ತಿದ್ದಿದರೆ ಇಂಗಾಲ ಅರ್ಧಕ್ಕಿಳಿದರೂ ಯೋಜನೆ ಬದುಕುತ್ತಿತ್ತು. ನಾನೇ ಲೆಕ್ಕ ಹಾಕಿ ನೋಡಿದ್ದೆ. ಪತ್ರ ಬರೆದೆ. ಕಳಿಸಲಿಲ್ಲ.

ಹೂಡಿಕೆದಾರರ ಸಭೆಯಲ್ಲಿ ಕೇಳಿದೆ: "ಸರ್, ಈ ತೂಕ ಹಸಿಯದ್ದೋ, ಒಣಗಿದ್ದೋ?"

"ಒಣಗಿದ್ದೇ ಮಾರಾಯ್ತಿ. ಪ್ರಿಂಟ್ ಆದ ಸೂತ್ರ ಅದು."

ನೋಟ್‌ಬುಕ್ ತೆಗೆದು, ಎರಡೂ ತೂಕಗಳಿದ್ದ ಪುಟವನ್ನು ಎಲ್ಲರ ಮುಂದಿಟ್ಟೆ. "ಟೇಪ್ ಹಿಡಿದವಳನ್ನು ಒಂದು ಮಾತು ಕೇಳಬೇಕಿತ್ತು, ಸರ್."

"ಎನ್ನ ಸಾರ್, ನೀರಿಗೆ ಹಣ ಹಾಕಿ ಅಂತೀರಾ?" ಎಂದರು ಹೂಡಿಕೆದಾರರಲ್ಲೊಬ್ಬರು, ತಮಿಳು ಬೆರೆತ ಕನ್ನಡದಲ್ಲಿ. ಸದಾನಂದರು ಆ ಪುಟವನ್ನು ಎರಡೆರಡು ಸಲ ಓದಿದರು ಎಂದು ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ಓದಿದರೋ, ಓದಲಿ ಎಂದು ನಾನು ಕಾದಿದ್ದೆನೋ. ಯೋಜನೆ ಅಲ್ಲೇ ಬಿತ್ತು. ಆ ಸಂಜೆ ಪೆರಂಬೂರಿನ ನನ್ನ ಮನೆಗೆ ಮೈಸೂರ್‌ಪಾಕ್ ಕೊಂಡೊಯ್ದದ್ದು ಮಾತ್ರ ಖಚಿತ.

ಎರಡು ತಿಂಗಳ ಮೇಲೆ ಆ ಯೋಜನೆಗೆಂದು ಸಸಿ ಬೆಳೆಸುತ್ತಿದ್ದ, ಮಾಧವರಂ ಬಳಿಯ ಅವರ ನರ್ಸರಿಗೆ ಹೋದೆ. ಕೆಲಸವೇನಿರಲಿಲ್ಲ, ಅವರ ಸೋಲನ್ನು ಕಣ್ಣಾರೆ ನೋಡಬೇಕಿತ್ತು. ಸಸಿಗಳು ಪಾಲಿಥಿನ್ ಚೀಲಗಳಲ್ಲೇ ಒಣಗಿ ನಿಂತಿದ್ದವು. ಗೇಟಿನಲ್ಲಿದ್ದ ಕಾವಲಿನ ಹೆಂಗಸು ಹೇಳಿದಳು: "ತಣ್ಣಿ ಬಿಡೋಕೆ ಆಳಿಲ್ಲಮ್ಮಾ. ನಲವತ್ತು ಜನಾನೂ ಕಳಿಸಿಬಿಟ್ರು. ಯಾರೋ ಮೇಡಮ್ಮು ಮೀಟಿಂಗ್‌ನಲ್ಲಿ ಏನೋ ಕೇಳಿದ್ರಂತೆ."

ಸದಾನಂದರನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಇನ್ನೊಮ್ಮೆ ಕೈಗೆ ಸಿಕ್ಕರೆ ಅದೇ ಪ್ರಶ್ನೆ ಕೇಳುತ್ತೇನೆ. ಆದರೆ ಸಸಿಗಳಿಗೆ ನೀರು ಹಾಕುವವರು ಯಾರು ಎಂದು ಮೊದಲು ವಿಚಾರಿಸಿಕೊಳ್ಳುತ್ತೇನೆ. ವೃತ್ತಿ ನನಗೆ ಕಲಿಸಿದ್ದು ಅಷ್ಟೇ, ಅದೂ ತಡವಾಗಿ.