ಹಗರಿಬೊಮ್ಮನಹಳ್ಳಿಯಲ್ಲಿ ನಡೆಯದ ನಾಣ್ಯ

ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿ ಕಡೆಗೆ ಹೋಗುವ ರಸ್ತೆಗೆ ಮುಖ ಮಾಡಿರುವ ಆ ಮನೆಯ ಮುಂದಿನ ಪಡಸಾಲೆ ನಯಾಜನ ಪಂಚರ್ ಅಂಗಡಿ. ಹಿಂದಿನ ಸಣ್ಣ ಕೋಣೆ ಅವನ ಹೆಂಡತಿ ನೂರೀನಳದು. ಅಲ್ಲಿ ಒಂದು ಕಂಪ್ಯೂಟರ್, ಒಂದು ಪ್ಲಾಸ್ಟಿಕ್ ಕುರ್ಚಿ, ಗೋಡೆ ತುಂಬ ಬಟ್ಟೆ ತುಂಡುಗಳು. ಅವಳ ಕೆಲಸಕ್ಕೆ ಆ ಕಸುಬಿನವರು ಪಂಚಿಂಗ್ ಅನ್ನುತ್ತಾರೆ. ಗಂಡನದು ಪಂಚರ್, ಹೆಂಡತಿಯದು ಪಂಚಿಂಗ್ ಎಂದು ಓಣಿಯವರು ನಗುವುದುಂಟು. ಬಟ್ಟೆಯ ಮೇಲೆ ಬರಬೇಕಾದ ಹೂಬಳ್ಳಿಯನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಸೂಜಿ ಎಲ್ಲಿ ಇಳಿಯಬೇಕು, ದಾರ ಎಲ್ಲಿ ಕಡಿಯಬೇಕು ಎಂದು ಕಸೂತಿ ಯಂತ್ರಕ್ಕೆ ತಿಳಿಯುವಂತೆ ಫೈಲು ಮಾಡಿಕೊಡುವುದು, ಅಷ್ಟೇ ಅದು. ಮೊದಮೊದಲು ಹಡಗಲಿ, ಕೊಟ್ಟೂರಿನ ಟೇಲರುಗಳಿಗೆ ಮಾಡಿಕೊಡುತ್ತಿದ್ದಳು. ಅವರು ಒಂದು ಫೈಲು ತಗೊಂಡು ಹತ್ತು ಮಂದಿಗೆ ಹಂಚಿಬಿಡುತ್ತಿದ್ದರು. ಬೇಸತ್ತು, ಹೊರಗಿನ ಗಿರಾಕಿ ಸಿಗಲೆಂದು ತನ್ನ ಡಿಸೈನುಗಳ ಚಿತ್ರಗಳನ್ನು ಇಂಟರ್‌ನೆಟ್ಟಿಗೆ ಹಾಕಿದಳು.

ಅಲ್ಲಿಂದ ಸಿಕ್ಕವಳು ನೈಜೀರಿಯಾದ ಲಾಗೋಸ್ ಊರಿನ ಒಬ್ಬ ಹೆಣ್ಣುಮಗಳು. ಮದುವೆ ಬಟ್ಟೆಗಳಿಗೆ ಲೇಸು ಹೊಲಿಸುವ ದೊಡ್ಡ ಅಂಗಡಿಯಂತೆ. ನೂರೀನಳ ಬಳ್ಳಿಗಳು ಅವಳಿಗೆ ಬಹಳ ಹಿಡಿಸಿದವು. ಇಬ್ಬರೂ ಹರಕುಮುರುಕು ಇಂಗ್ಲಿಷಿನಲ್ಲಿ, ಹೆಚ್ಚಾಗಿ ಚಿತ್ರಗಳಲ್ಲಿ ಮಾತಾಡಿಕೊಳ್ಳುತ್ತಿದ್ದರು. ದುಡ್ಡಿನ ಮಾತು ಬಂದಾಗ ಮಾತ್ರ ಆಕೆ ಕಷ್ಟ ಹೇಳಿಕೊಂಡಳು. ತನ್ನ ಬ್ಯಾಂಕಿನಿಂದ ಹೊರದೇಶಕ್ಕೆ ಡಾಲರ್ ಕಳಿಸುವುದೆಂದರೆ ತಿಂಗಳುಗಟ್ಟಲೆ ಅಲೆದಾಟ, ಅದರ ಬದಲು ಕ್ರಿಪ್ಟೊ ಕಳಿಸುತ್ತೇನೆ, ಮೊಬೈಲಿನಲ್ಲೇ ಇರುವ, ಡಾಲರಿನಷ್ಟೇ ಬೆಲೆಯ ನಾಣ್ಯ, ಏರುವುದಿಲ್ಲ ಇಳಿಯುವುದಿಲ್ಲ ಅಂದಳು. ನೂರೀನ ಮೊಬೈಲಿನಲ್ಲಿ ಆ ನಾಣ್ಯ ಇಡುವ ಆ್ಯಪು ಹಾಕಿಕೊಂಡಳು. ಫೈಲು ಕಳಿಸಿ ಚಹಾ ಕುದಿಸಿ ಬರುವಷ್ಟರಲ್ಲಿ ನಾಣ್ಯ ಬಂದು ಕೂತಿತ್ತು. ಇಷ್ಟು ಸಲೀಸಾಗಿ ಅವಳಿಗೆ ಯಾವ ಟೇಲರನೂ ಯಾವತ್ತೂ ಕೂಲಿ ಕೊಟ್ಟಿರಲಿಲ್ಲ.

ಬರುವುದೇನೋ ಸಲೀಸಾಗಿ ಬಂತು. ಕಷ್ಟ ಶುರುವಾದದ್ದು ಅದನ್ನು ಖರ್ಚು ಮಾಡಲು ಹೊರಟಾಗ.

ಊರಿನ ಕಿರಾಣಿ ಅಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ, ಮಂಡಕ್ಕಿ ಮೆಣಸಿನಕಾಯಿ ಗಾಡಿಯಲ್ಲಿ, ಎಲ್ಲಿ ನೋಡಿದರೂ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದಾರೆ. ದುಡ್ಡು ಬಿದ್ದರೆ ಪಕ್ಕದ ಡಬ್ಬಿ ಕೂಗಿ ಹೇಳುತ್ತದೆ. ನೂರೀನ ಒಂದು ದಿನ ದುರುಗಪ್ಪನ ಕಿರಾಣಿ ಅಂಗಡಿಯಲ್ಲಿ ಅಕ್ಕಿ, ಎಣ್ಣೆ ಕಟ್ಟಿಸಿ, ತನ್ನ ನಾಣ್ಯದ ಆ್ಯಪಿನಿಂದ ಅವನ ಚೀಟಿಗೆ ಸ್ಕ್ಯಾನ್ ಹಿಡಿದಳು. ಈ ಕೋಡು ನಡೆಯುವುದಿಲ್ಲ ಅಂತ ಬಂತು. ಹತ್ತಿರ ಹಿಡಿದಳು, ದೂರ ಹಿಡಿದಳು. ಹಿಂದೆ ನಿಂತವರು ಗೊಣಗತೊಡಗಿದರು. ದುರುಗಪ್ಪ ಡಬ್ಬಿ ಕೆಟ್ಟಿದೆಯೇನೋ ಎಂದು ಅದರ ತಲೆಗೆ ಎರಡೇಟು ಹಾಕಿದ. ಕೊನೆಗೆ ಮುಜುಗರದಿಂದ ಅವನ ಉದ್ರಿ ಪುಸ್ತಕದಲ್ಲಿ ಬರೆಸಿ ಬಂದಳು.

ಆಮೇಲೆ ಒಂದು ವೆಬ್‌ಸೈಟು ಸಿಕ್ಕಿತು. ನಾಣ್ಯ ಕೊಟ್ಟರೆ ಅಂಗಡಿಗಳ ವೋಚರ್ ಕೊಡುತ್ತಿದ್ದರು. ಮಕ್ಕಳಿಗೆ ಶಾಲೆಯ ಬೂಟು, ಅತ್ತೆಗೆ ಚಪ್ಪಲಿ ಆಗುತ್ತದೆ ಎಂದು ಆಸೆಯಿಂದ ಒಂದನ್ನು ಕೊಂಡಳು. ಕೊಂಡ ಮೇಲೆ ಕೆಳಗಿನ ಸಣ್ಣಕ್ಷರ ಓದಿದರೆ, ಆ ವೋಚರ್ ನಡೆಯುವುದು ಅವರ ಮಳಿಗೆಯೊಳಗೆ ಮಾತ್ರ. ಆ ಮಳಿಗೆ ಇರುವುದು ಹುಬ್ಬಳ್ಳಿಯಲ್ಲಿ. ನಯಾಜ ಮಕ್ಕಳನ್ನು ಕರಕೊಂಡು ಬಸ್ಸಿನ ಖರ್ಚು ಹಾಕಿಕೊಂಡು ಹೋಗಿ ಬೂಟು ತಂದರೆ ಬೂಟಿಗಿಂತ ಬಸ್ಸೇ ದುಬಾರಿ. ಶಾಲೆ ಶುರುವಾಯಿತು, ಮಕ್ಕಳು ಹಳೇ ಬೂಟಿನಲ್ಲೇ ಹೋದರು.

ಅತ್ತೆ ಮುಮ್ತಾಜ್ ಬೇಗಂಗೆ ಸೊಸೆಯ ಮೇಲೆ ಪ್ರೀತಿ ಇತ್ತು, ಅವಳ ಮೊಬೈಲಿನ ಮೇಲೆ ಇರಲಿಲ್ಲ. ನೂರೀನ ಕಣ್ಣುಜ್ಜಿಕೊಳ್ಳುತ್ತ ಕಂಪ್ಯೂಟರ್ ಮುಂದೆ ಕೂತಿದ್ದ ಒಂದು ಮಧ್ಯಾಹ್ನ ಆಕೆ ಬಾಗಿಲಲ್ಲಿ ನಿಂತು ಕೇಳಿದಳು:

"ಬೇಟಿ, ಇಷ್ಟು ತಿಂಗ್ಳು ಕೆಲಸ ಮಾಡೀದಿ, ಖರೆ. ಕೂಲಿ ಎಲ್ಲೈತಿ?"

ನೂರೀನ ಮೊಬೈಲ್ ತೆಗೆದು ತೋರಿಸಿದಳು. ಮುದುಕಿ ಕನ್ನಡಕ ಏರಿಸಿ ನೋಡಿದಳು, ಮೊಬೈಲನ್ನು ವಾಪಸ್ ಕೊಟ್ಟು ಒಳಗೆ ಹೋದಳು. ಅದು ನೂರೀನಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಹೀಗಿರುವಾಗ ನಯಾಜನ ಗಾಳಿ ಹೊಡೆಯುವ ಕಂಪ್ರೆಸರ್ ಕೈಕೊಟ್ಟಿತು. ಟ್ಯಾಂಕಿನ ತಳ ತುಕ್ಕು ಹಿಡಿದು ಸೀಳು ಬಿಟ್ಟಿತ್ತು. ವೆಲ್ಡಿಂಗ್ ಮಾಡಿಸಿದರೆ ಯಾವತ್ತಾದರೂ ಸಿಡಿದು ಜೀವಕ್ಕೆ ಅಪಾಯ ಎಂದು ವೆಲ್ಡಿಂಗಿನವನೇ ಕೈಮುಗಿದ. ಗಾಳಿ ಇಲ್ಲದ ಪಂಚರ್ ಅಂಗಡಿಗೆ ಯಾರು ಬರುತ್ತಾರೆ? ನಯಾಜ ಕಾಲಲ್ಲಿ ತುಳಿಯುವ ಪಂಪು ಇಟ್ಟುಕೊಂಡು ಬೈಕುಗಳಿಗೆ ಗಾಳಿ ತುಂಬಿದ. ಟ್ರ್ಯಾಕ್ಟರು, ಟೆಂಪೊಗಳು ನಿಲ್ಲದೆ ಮುಂದೆ ಹೋದವು. ಹೊಸ ಕಂಪ್ರೆಸರಿಗೆ ಬೇಕಾದಷ್ಟು ದುಡ್ಡು ನೂರೀನಳ ಮೊಬೈಲಿನಲ್ಲಿತ್ತು. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಅವನು ಬಾಯಿಬಿಟ್ಟು ಕೇಳಲಿಲ್ಲ. ಅವಳೇ ಹೊರಟಳು.

ಕೊಟ್ಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಬೀರಲಿಂಗೇಶ್ ಇಂಥ ನಾಣ್ಯ ಕೊಂಡು ಮಾರುತ್ತಾನೆ ಎಂದು ಯಾರೋ ಹೇಳಿದ್ದರು. ಮನುಷ್ಯ ಒಳ್ಳೆಯವನೇ. ಕೂರಿಸಿ ಚಹಾ ತರಿಸಿದ. ನಾಣ್ಯವನ್ನು ತನ್ನ ಮೊಬೈಲಿಗೆ ಕಳಿಸಿ, ಕೈಯಲ್ಲಿ ನಗದು ಕೊಡುತ್ತೇನೆ ಅಂದ. ನೂರೀನ ಕಳಿಸಲು ಹೋದರೆ ಆ್ಯಪು ಒಪ್ಪಲಿಲ್ಲ. ಬೀರಲಿಂಗೇಶ್ ಇಣುಕಿ ನೋಡಿದ.

"ಅಕ್ಕಾರ, ಇದನ್ನ ಕಳಸಾಕ ಬ್ಯಾರೇದೊಂದು ನಾಣ್ಯ ಬೇಕ್ರಿ. ಅದು ಇದರ ಸಾಗಣೆ ಖರ್ಚು ಇದ್ದಂಗ. ಅದಿಲ್ಲಂದ್ರ ಇದು ಅಲ್ಲಾಡಂಗಿಲ್ಲ."

"ನನ್ನ ರೊಕ್ಕ ಕಳಸಾಕ ನಾನು ಮತ್ತೊಂದು ರೊಕ್ಕ ಕೊಳ್ಳಬೇಕೇನ್ರಿ?"

"ಹೌದ್ರಿ."

ಆ ಇನ್ನೊಂದು ನಾಣ್ಯವನ್ನು ಅವನೇ ಸ್ವಲ್ಪ ಮಾರಿದ. ಅದಕ್ಕೆ ಅವಳು ಪರ್ಸಿನಲ್ಲಿದ್ದ ನೋಟು ಕೊಟ್ಟಳು. ನಾಣ್ಯ ಮಾರಿ ನಗದು ಮಾಡಿಕೊಳ್ಳಲು ಬಂದವಳು ಮೊದಲು ನಗದು ಕೊಟ್ಟು ನಾಣ್ಯ ಕೊಂಡಂತಾಯಿತು. ಇಷ್ಟಾದ ಮೇಲೆ ಅವನು ತಗೊಂಡದ್ದು ಬಹಳ ಕಡಿಮೆ. ಅಷ್ಟೊಂದು ನಾಣ್ಯ ಕೊಳ್ಳಲು ತನ್ನ ಹತ್ತಿರ ನಗದಿಲ್ಲ, ಉಳಿದದ್ದನ್ನು ಮಾರಾಟದ ಆ್ಯಪಿನಲ್ಲಿ ಮಾರಿಕೊಳ್ಳಿ, ದುಡ್ಡು ನೇರ ಬ್ಯಾಂಕಿಗೆ ಬೀಳುತ್ತದೆ ಎಂದು ದಾರಿ ತೋರಿಸಿ ಕಳಿಸಿದ. ಬಸ್ಸಿನಲ್ಲಿ ಕೂತಾಗ ನೂರೀನಳಿಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಯಾರೂ ಮೋಸ ಮಾಡಿರಲಿಲ್ಲ. ಆದರೂ ಕೈಯಲ್ಲಿದ್ದ ನಗದು ಕಂಪ್ರೆಸರಿನ ಬೆಲೆಯ ಹತ್ತಿರಕ್ಕೂ ಬರುತ್ತಿರಲಿಲ್ಲ.

ಮಾರಾಟದ ಆ್ಯಪು ಅವಳ ಗುರುತು ಕೇಳಿತು. ಆಧಾರಿನಲ್ಲಿ ಅವಳ ಹೆಸರು ನೂರೀನ ಬಾನು, ಪ್ಯಾನ್ ಕಾರ್ಡಿನಲ್ಲಿ ಬರೀ ನೂರೀನ. ಎರಡೂ ತಾಳೆಯಾಗುವುದಿಲ್ಲ ಎಂದು ವಾಪಸ್ ಕಳಿಸಿತು. ತಿದ್ದಿಸಲು ಕೂಡ್ಲಿಗಿಗೆ ಓಡಾಡಿದಳು. ಒಂದು ಸಲ ಸರ್ವರ್ ಇರಲಿಲ್ಲ, ಒಂದು ಸಲ ಕರೆಂಟ್ ಇರಲಿಲ್ಲ, ಮತ್ತೊಂದು ಸಲ ಎರಡೂ ಇದ್ದವು, ಬೆರಳಚ್ಚು ಮೂಡಲಿಲ್ಲ. ಹೆಸರು ಸರಿಯಾದ ಮೇಲೆ ಮುಖ ತೋರಿಸು ಅಂದಿತು. ತಲೆಯ ಮೇಲಿನ ಸೆರಗು ನೋಡಿ ಮುಖ ಸ್ಪಷ್ಟವಿಲ್ಲ ಅಂದಿತು. ಬಾಗಿಲು ಹಾಕಿಕೊಂಡು ಸೆರಗು ಹಿಂದೆ ಸರಿಸಿ ಕೂತರೆ ಬೆಳಕು ಸಾಲದು ಅಂದಿತು. ಕಣ್ಣು ಮಿಟುಕಿಸು, ಎಡಕ್ಕೆ ತಿರುಗು, ಬಲಕ್ಕೆ ತಿರುಗು. ಮದುವೆಗೆ ಹೆಣ್ಣು ನೋಡಲು ಬಂದವರೂ ತನ್ನನ್ನು ಇಷ್ಟು ತಿರುಗಿಸಿ ನೋಡಿರಲಿಲ್ಲ ಎಂದು ಅವಳು ನಯಾಜನಿಗೆ ಹೇಳಿದಾಗ ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಅಂತೂ ಆ್ಯಪು ಒಪ್ಪಿತು. ರಾಜಸ್ಥಾನದ ಕಡೆಯವನೊಬ್ಬ ಅವಳ ನಾಣ್ಯ ಕೊಳ್ಳಲು ಮುಂದೆ ಬಂದ. ಅವನು ದುಡ್ಡು ಹಾಕಿದ, ಇವಳು ನಾಣ್ಯ ಬಿಟ್ಟುಕೊಟ್ಟಳು. ಬ್ಯಾಂಕಿನ ಮೆಸೇಜು ಬಂತು. ನೂರೀನ ಅದನ್ನು ಅತ್ತೆಗೆ ಓದಿ ಹೇಳಿದಳು. ಆವತ್ತು ಮನೆಯಲ್ಲಿ ಶ್ಯಾವಿಗೆ ಪಾಯಸವಾಯಿತು.

ಮುಂದಿನ ವಾರ ಗಂಡ ಹೆಂಡತಿ ಹರಪನಹಳ್ಳಿಗೆ ಹೋದರು. ಅಲ್ಲಿ ಭೀಮರಾಜ ಎಂಬವನ ಮೆಷಿನರಿ ಅಂಗಡಿಯಲ್ಲಿ ಒಳ್ಳೆಯ ಕಂಪ್ರೆಸರ್ ಸಿಗುತ್ತದೆ ಎಂದು ನಯಾಜ ವಿಚಾರಿಸಿಕೊಂಡಿದ್ದ. ನಯಾಜ ಟ್ಯಾಂಕಿಗೆ ಬಡಿದು ನೋಡಿದ, ಮೋಟಾರು ಓಡಿಸಿ ಕಿವಿಗೊಟ್ಟು ಕೇಳಿದ, ಬೆಲೆ ಜಗ್ಗಾಡಿ ಇಳಿಸಿದ. ಹಮಾಲರು ಕಂಪ್ರೆಸರನ್ನು ಎತ್ತಿ ಬಾಡಿಗೆ ಆಟೊಕ್ಕೆ ಏರಿಸಿ ಹಗ್ಗ ಬಿಗಿದರು. ನೂರೀನ ಮೊಬೈಲ್ ತೆಗೆದು ಸ್ಕ್ಯಾನ್ ಮಾಡಿದಳು. ಈ ಸಲ ಸರಿಯಾದ ಆ್ಯಪು, ನಿಜವಾದ ರೂಪಾಯಿ. ದುಡ್ಡು ಹೋಗಲಿಲ್ಲ. ಮತ್ತೊಮ್ಮೆ ಮಾಡಿದಳು, ಹೋಗಲಿಲ್ಲ. ನಯಾಜ ನೆಟ್‌ವರ್ಕ್ ಇಲ್ಲವೇನೋ ಎಂದು ಅವಳನ್ನು ರಸ್ತೆಗೆ ಕರೆತಂದ. ರಸ್ತೆಯಲ್ಲೂ ಅದೇ. ಎಟಿಎಮ್ಮಿಗೆ ಓಡಿದಳು. ಅದು ಕಾರ್ಡನ್ನು ಹೊರಗೆ ತಳ್ಳಿತು.

ಭೀಮರಾಜ ಗದ್ದಲ ಮಾಡಲಿಲ್ಲ. "ಇರ್ಲಿ ಬಿಡಮ್ಮ, ಬ್ಯಾಂಕಲ್ಲಿ ಕೇಳಿ ನೋಡಿ, ಯಾವಾಗಾದ್ರೂ ಬಂದು ತಗೊಂಡು ಹೋಗಿ" ಅಂದು ಹಮಾಲರಿಗೆ ಸನ್ನೆ ಮಾಡಿದ. ಅವರು ಹಗ್ಗ ಬಿಚ್ಚಿ ಕಂಪ್ರೆಸರನ್ನು ಕೆಳಗಿಳಿಸಿದರು. ಏರಿಸಿದ್ದಕ್ಕೂ ಕೂಲಿ, ಇಳಿಸಿದ್ದಕ್ಕೂ ಕೂಲಿ, ಕಾದು ನಿಂತ ಆಟೊದವನಿಗೂ ಅಷ್ಟಿಷ್ಟು. ನಯಾಜ ಜೇಬು ತಡಕಾಡಿ ಕೊಟ್ಟ. ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದು ಬಂದರು. ನೂರೀನಳಿಗೆ ಅಳು ಬಂದದ್ದು ಬಸ್ಸು ಹೊರಟ ಮೇಲೆ, ಅದೂ ದುಃಖಕ್ಕಲ್ಲ, ರೋಷಕ್ಕೆ.

ಮರುದಿನ ಬ್ಯಾಂಕಿನಲ್ಲಿ ಸಮತಾ ಎಂಬ ಅಧಿಕಾರಿ ಕಂಪ್ಯೂಟರ್ ನೋಡಿ ವಿಷಯ ಹೇಳಿದಳು. ಬೇರೆ ಯಾವುದೋ ರಾಜ್ಯದಲ್ಲಿ ಯಾರಿಗೋ ಫೋನಿನಲ್ಲಿ ಮೋಸವಾಗಿದೆ. ಆ ಮೋಸದ ದುಡ್ಡು ಕೈಯಿಂದ ಕೈಗೆ ದಾಟಿ, ನಿಮ್ಮ ನಾಣ್ಯ ಕೊಂಡವನ ಖಾತೆ ಹಾದು ನಿಮ್ಮ ಖಾತೆಗೆ ಬಂದಿದೆ. ಅಲ್ಲಿಯ ಪೊಲೀಸರು ಆ ದಾರಿಯಲ್ಲಿದ್ದ ಎಲ್ಲ ಖಾತೆಗಳನ್ನೂ ತಡೆಹಿಡಿಸಿದ್ದಾರೆ.

"ನಾನು ಯಾರಿಗೂ ಮೋಸ ಮಾಡಿಲ್ಲರಿ. ಹೂವು ಬಿಡಿಸಿ ಕೊಟ್ಟೀನಿ, ಅದರ ಕೂಲಿ ಅದು" ಅಂದಳು ನೂರೀನ.

"ನನಗ ಅರ್ಥ ಆಗತೈತ್ರಿ. ಆದ್ರ ತಡೆ ತೆಗಿಯೋದು ನನ್ನ ಕೈಯಾಗ ಇಲ್ಲ. ಅಲ್ಲಿ ಠಾಣೆಗೆ ನೀವ ಬರೀಬೇಕು."

ಸಿಕ್ಕಿಬಿದ್ದದ್ದು ಆ ದುಡ್ಡೊಂದೇ ಅಲ್ಲ. ಟೇಲರುಗಳಿಂದ ಬಂದದ್ದು, ಅತ್ತೆಯ ಔಷಧಿಗೆಂದು ಇಟ್ಟದ್ದು, ಎಲ್ಲವೂ ಅದೇ ಖಾತೆಯಲ್ಲಿತ್ತು. ನೂರೀನ ತಾನು ಮಾಡಿದ ಡಿಸೈನುಗಳು, ಲಾಗೋಸಿನವಳ ಮೆಸೇಜುಗಳು, ನಾಣ್ಯ ಬಂದ ಗುರುತು, ಎಲ್ಲ ಸೇರಿಸಿ ಆ ದೂರದ ಠಾಣೆಗೆ ಮೇಲ್ ಕಳಿಸಿದಳು. ಉತ್ತರ ಬರಲಿಲ್ಲ. ಫೋನು ಮಾಡಿದರೆ ಎತ್ತಿದವನು ಹಿಂದಿಯಲ್ಲಿ ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ ಅಂದ. ಮತ್ತೆ ಮಾಡಿದರೆ ನೀವೇ ಖುದ್ದು ಬನ್ನಿ ಅಂದ. ಅಲ್ಲಿಗೆ ಎರಡು ದಿನದ ರೈಲು ಪ್ರಯಾಣ. ಅವಳ ಮನೆಯಲ್ಲಿ ತಿಂಗಳುಗಟ್ಟಲೆ ಇದೇ ಮಾತು, ಇದೇ ಫೋನು. ನಯಾಜ ಒಮ್ಮೆ ಸಹನೆ ಕಳಕೊಂಡು, ಆ ಲಾಗೋಸಿನವಳ ಕೆಲಸ ಬಿಡು ಅಂದ. ಕೆಲಸದ್ದೇನು ತಪ್ಪು ಎಂದು ನೂರೀನ ತಿರುಗಿ ಬಿದ್ದಳು. ಎರಡು ದಿನ ಇಬ್ಬರ ನಡುವೆ ಮಾತುಕತೆ ಬಂದ್ ಆಗಿತ್ತು.

ಸಮತಾ ಮಾತ್ರ ಕೈಬಿಡಲಿಲ್ಲ. ತನ್ನ ಮೇಲಿನವರಿಗೆ ಬರೆದಳು, ಅವರಿಂದ ಆ ಠಾಣೆಗೆ ಬರೆಸಿದಳು. ಕೊನೆಗೆ ತಡೆಯನ್ನು ಆ ಒಂದು ಮೊತ್ತಕ್ಕೆ ಮಾತ್ರ ಸೀಮಿತ ಮಾಡಿ, ಉಳಿದದ್ದನ್ನು ಬಿಡುಗಡೆ ಮಾಡಿಸಿದಳು. ಅತ್ತೆಯ ಔಷಧಿಯ ದುಡ್ಡು ಬಂತು. ಕಂಪ್ರೆಸರಿನ ದುಡ್ಡು ಬರಲಿಲ್ಲ. ನಯಾಜ ತಂಬ್ರಹಳ್ಳಿಯಲ್ಲಿ ಅಂಗಡಿ ಮುಚ್ಚುತ್ತಿದ್ದ ಒಬ್ಬರಿಂದ ಹಳೆಯದೊಂದನ್ನು ತಂದು, ಮೋಟಾರು ಬದಲಿಸಿ ಅಂಗಡಿ ನಡೆಸಿದ. ಸದ್ದು ಜೋರು, ಗಾಳಿ ನಿಧಾನ.

ಮೊಬೈಲಿನಲ್ಲಿ ಇನ್ನೂ ಒಂದಿಷ್ಟು ನಾಣ್ಯ ಉಳಿದಿತ್ತು. ಅದನ್ನು ಮಾರಲು ನೂರೀನಳಿಗೆ ಧೈರ್ಯ ಬರಲಿಲ್ಲ. ಕೊನೆಗೆ ಅದು ಖರ್ಚಾದದ್ದು ಒಂದೇ ಕಡೆ: ಪಂಚಿಂಗ್ ಮಾಡುವ ಸಾಫ್ಟ್‌ವೇರಿನ ಹೊರದೇಶದ ಮಾರಾಟಗಾರ ನಾಣ್ಯ ತಗೊಳ್ಳುತ್ತಿದ್ದ. ವರ್ಷದ ಶುಲ್ಕ ಅವನಿಗೆ ಕಟ್ಟಿದಳು. ಯಾವ ತಕರಾರೂ ಇಲ್ಲದೆ ಹೋಯಿತು. ಏನು ಬಂತು ಎಂದು ಅತ್ತೆ ಕೇಳಿದಳು. ಕಂಪ್ಯೂಟರಿನೊಳಗೆ ಬಂತು ಎಂದು ಹೇಳಬೇಕಾಯಿತು. ಮುದುಕಿ ಒಳಗೆ ನೋಡುವ ಗೋಜಿಗೆ ಹೋಗಲಿಲ್ಲ.

ಆಮೇಲೆ ನೂರೀನ ಲಾಗೋಸಿನವಳಿಗೆ ಬರೆದಳು, ಇನ್ನು ಮೇಲೆ ನಾಣ್ಯ ಬೇಡ, ತಡವಾದರೂ ಬ್ಯಾಂಕಿನ ಮೂಲಕವೇ ಕಳಿಸು ಅಂತ. ನಡೆದದ್ದನ್ನೆಲ್ಲ ವಿವರಿಸಿದಳು. ಆಕೆ ಕೆಲಸ ಕೊಡುವುದನ್ನೇ ಬಿಟ್ಟುಬಿಡುತ್ತಾಳೆ ಎಂದೇ ಅಂದುಕೊಂಡಿದ್ದಳು. ಆಕೆಯಿಂದ ಉದ್ದನೆಯ ಧ್ವನಿ ಸಂದೇಶ ಬಂತು. ತನ್ನ ಬ್ಯಾಂಕನ್ನು, ಅಲ್ಲಿಯ ಸರತಿ ಸಾಲುಗಳನ್ನು ಆಕೆ ಬೈದ ಬೈಗುಳ ಪೂರ್ತಿ ಅರ್ಥವಾಗದಿದ್ದರೂ ನೂರೀನ ಮೂರು ಸಲ ಹಾಕಿ ಕೇಳಿದಳು. ಕಡೆಗೆ ಆಕೆ ಒಪ್ಪಿದಳು. ಈಗ ದುಡ್ಡು ತಡವಾಗಿ ಬರುತ್ತದೆ, ಎರಡೂ ಕಡೆ ಬ್ಯಾಂಕಿನವರು ಮುರಿದುಕೊಂಡು ಉಳಿದದ್ದು ಬರುತ್ತದೆ. ಕೆಲಸವೂ ಮೊದಲಿಗಿಂತ ಕಡಿಮೆಯಾಗಿದೆ, ಏಕೆಂದರೆ ನಾಣ್ಯ ತಗೊಳ್ಳುವ ಬೇರೆಯವರು ಆಕೆಗೆ ಬೇರೆ ದೇಶಗಳಲ್ಲಿ ಸಿಕ್ಕಿದ್ದಾರೆ.

ತಡೆಯಲ್ಲಿರುವ ಆ ಮೊತ್ತ ಈಗಲೂ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ, ತೆಗೆಯಲು ಬರುವುದಿಲ್ಲ. ಪ್ರತಿ ಸೋಮವಾರ ನೂರೀನ ಕಂಪ್ಯೂಟರ್ ಹಚ್ಚಿದ ಕೂಡಲೇ ಮೊದಲು ಆ ಠಾಣೆಗೆ ಒಂದು ಮೇಲ್ ಕಳಿಸುತ್ತಾಳೆ. ಹಳೆಯದನ್ನೇ ತಾರೀಖು ಬದಲಿಸಿ ಕಳಿಸಿದರೂ ನಡೆಯುತ್ತದೆ, ಆದರೆ ಅವಳು ಪ್ರತಿ ಸಲ ಹೊಸದಾಗಿ ಬರೆಯುತ್ತಾಳೆ, ಪ್ರತಿ ಸಲ ಸ್ವಲ್ಪ ಖಾರವಾಗಿ. ಹೊರಗೆ ಹಳೇ ಕಂಪ್ರೆಸರ್ ಭರ್ರೆಂದು ಶುರುವಾಗುತ್ತದೆ. ಅವಳು ಬಾಗಿಲು ಮುಂದೆ ಮಾಡಿಕೊಂಡು ಕೆಲಸಕ್ಕೆ ಕೂರುತ್ತಾಳೆ.