ವಿಭೂತಿ ಹಚ್ಚಿದ ರಿವಾಲ್ವರ್

ಮೂಗಿನ ಬುಡದಲ್ಲಿ ಗುಂಡುಸೂಜಿಯ ತಲೆಯಷ್ಟು ಹಳೆಯ ಕುಂಕುಮ ಉಳಿದಿತ್ತು. ನಾಟಕದ ರಿವಾಲ್ವರ್ ಅದು, ಎರಕದ ನಕಲಿ; ನಳಿಕೆಯ ತುದಿಯಲ್ಲಿ ಗುರಿ ನೋಡಲು ಎದ್ದು ನಿಂತ ಲೋಹದ ಚೂರನ್ನು ಕಾಕಾ ‘ಮೂಗು’ ಎನ್ನುತ್ತಿದ್ದರು. ಈ ಸಲದ ಆಯುಧ ಪೂಜೆಯ ದಿನ ಪಿ.ಜೆ. ಬಡಾವಣೆಯ ನನ್ನ ಕೋಣೆಯಲ್ಲಿ ಅದನ್ನು ಕೈಗೆತ್ತಿಕೊಂಡಾಗ ಹರಿಹರದ ಆ ಮಧ್ಯಾಹ್ನ ನೆನಪಾಯಿತು...

ಕಾಕಾ ನಮ್ಮ ಪಕ್ಕದ ಮನೆಯವರು. ಗುತ್ತೂರಿನ ಕಡೆ ಕಾರ್ಖಾನೆ ಕೆಲಸ. ರಜೆಯಲ್ಲಿ ಊರೂರಿನ ನಾಟಕಗಳಲ್ಲಿ ಪೊಲೀಸ್ ಫೌಜುದಾರನ ಪಾತ್ರ. ಹಿಂದಿನ ನಾಟಕದಲ್ಲಿ ಸಡಿಲಾಗಿದ್ದ ಮೂಗು ಸೊಂಟದ ಚರ್ಮದ ಚೀಲಕ್ಕೆ ಸಿಕ್ಕಿಕೊಂಡು ರಿವಾಲ್ವರ್ ಹೊರಬರಲೇ ಇಲ್ಲ. ಜನ ನಕ್ಕರು. ಇನ್ನೊಮ್ಮೆ ಹೀಗಾದರೆ ಪಾತ್ರ ಬೇರೆಯವರಿಗೆ ಎಂದು ತಂಡದವರು ಹೇಳಿಬಿಟ್ಟಿದ್ದರು. ಅಂದು ಸಂಜೆ ನಂದಿಗುಡಿಯಲ್ಲಿ ನಾಟಕವಿತ್ತು.

ಬೆಳಿಗ್ಗೆಯಿಂದ ಎಷ್ಟು ಸಲ ಅಂಟಿಸಿದರೂ ಮೂಗು ಕಳಚಿ ಬೀಳುತ್ತಿತ್ತು. ಕಾಕಾ ಅಂಟನ್ನು ಬೈಯುತ್ತಿದ್ದರು. ವಿಶ್ವವಿದ್ಯಾಲಯದಿಂದ ರಜೆಗೆ ಬಂದಿದ್ದ ನಾನು ರಿವಾಲ್ವರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮೂಗು ಕೂರುವ ಸೀಳಿನ ತುಂಬ ಎಣ್ಣೆ ಕುಡಿದ ವಿಭೂತಿ, ಕುಂಕುಮ... ವರ್ಷ ವರ್ಷದ ಆಯುಧ ಪೂಜೆಯದು.

“ಇದನ್ನ ತೆಗೀದೆ ಅಂಟು ಹಿಡಿಯಲ್ಲ ಕಾಕಾ.”

“ವಿಭೂತಿ ಕೆರೀಬಾರ್ದವ್ವ. ನಾಟಕದ ದಿನ ಅಂತೂ ಬ್ಯಾಡ.”

ಅವರ ಹೆಂಡತಿ, ನಾನು ಚಿಗವ್ವ ಎನ್ನುತ್ತಿದ್ದವರು, ಅಡುಗೆಮನೆಯಿಂದ ಬಂದರು. “ಹಚ್ಚಿದಾಕಿ ನಾನು. ಮಂದಿ ನಕ್ಕಾಗ ಶಿವ ಬಂದು ಬಿಡಿಸಿದ್ನೇನು? ಕೊಡ್ರಿ ಇಲ್ಲಿ.”

ಕಾಕಾ ಕೊಡಲಿಲ್ಲ. ಅದನ್ನು ಹಣೆಗೆ ಮುಟ್ಟಿಸಿಕೊಂಡು, ತಾವೇ ಕೆರೆಯಲು ಸೂಜಿ ಕೇಳಿದರು. ಕೆರೆದ ಪುಡಿಯನ್ನು ಚಿಗವ್ವ ಹೂವಿನ ಗಿಡದ ಬುಡಕ್ಕೆ ಹಾಕಿದರು. ನಾನು ಸೀಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಅಂಟು ಹಾಕಿ, ಮೂಗನ್ನು ನೆಟ್ಟಗೆ ಕೂರಿಸಿದೆ. ಅದು ಅಲುಗದಂತೆ ಕಾಕಾ ದಾರ ಸುತ್ತಿ ಬಿಗಿದರು. ಒಣಗುವ ಮೊದಲೇ ತಂಡದ ಟೆಂಪೋ ಬಂದು ಹಾರ್ನ್ ಹೊಡೆಯಿತು.

“ಹಿಡಿದೈತೇನವ್ವ?”

ನನಗೆ ಗೊತ್ತಿರಲಿಲ್ಲ. ನಾನೂ ಚಿಗವ್ವನೂ ಅವರ ಜೊತೆ ಹೊರಟೆವು. ರಂಗದ ಹಿಂದೆ ಅವರು ದಾರ ಬಿಚ್ಚಿದರು. ಹೆಬ್ಬೆರಳು ಮೂಗಿನ ತನಕ ಹೋಗಿ, ಒತ್ತಿ ನೋಡದೆ ಹಿಂದೆ ಬಂತು.

ಕೊನೆಯ ದೃಶ್ಯದಲ್ಲಿ ಅವರ ಕೈ ಸೊಂಟಕ್ಕೆ ಹೋದಾಗ ಮುಂದಿನ ಸಾಲಿನಲ್ಲಿ ಯಾರೋ, “ನೋಡ್ಲೇ, ಈಗ ಸಿಕ್ಕಿ ಬೀಳ್ತೈತೆ” ಎಂದ. ಚಿಗವ್ವ ನನ್ನ ಮಣಿಕಟ್ಟು ಹಿಡಿದರು. ರಿವಾಲ್ವರ್ ಸರ್ರನೆ ಹೊರಬಂತು. ಕಾಕಾ ಮಾತು ಮರೆತು ಒಂದು ಕ್ಷಣ ಆ ಮೂಗನ್ನೇ ನೋಡುತ್ತ ನಿಂತರು...

ಅವರು ತೀರಿಕೊಂಡ ಮೇಲೆ ಚಿಗವ್ವ ಅದನ್ನು ನನಗೆ ಕೊಟ್ಟರು. “ಪೂಜೆ ಮಾತ್ರ ತಪ್ಪಿಸಬ್ಯಾಡ” ಎಂದಿದ್ದರು. ತಪ್ಪಿಸಲಿಲ್ಲ; ಈ ಸಲ ವಿಭೂತಿ, ಕುಂಕುಮ ಎರಡೂ ಹಚ್ಚಿದೆ. ಮೂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಅಲುಗಲಿಲ್ಲ. ಹೇಳೋಣವೆಂದರೆ ಕಾಕಾ ಇಲ್ಲ.

ಮರುದಿನ ಬೆಳಿಗ್ಗೆ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೂಗಿನ ಸುತ್ತ ಮಾತ್ರ ಒರೆಸಿದೆ. ಹಿಡಿಯ ಮೇಲಿನ ಕುಂಕುಮವನ್ನು ಹಾಗೇ ಬಿಟ್ಟೆ.