ಅತನೂರಾಕಿ ಎಂದು ಕರೆದಾಗ

"ಏ ಅತನೂರಾಕಿ, ಲಗೂ ಬಾ ಬೇ, ಬಸ್ ಹೊಂಟದ!"

ಆಳಂದ ಬಸ್ ನಿಲ್ದಾಣದಲ್ಲಿ ಈ ಕೂಗು ಕೇಳಿದ್ದೇ ಕೈಚೀಲ ಎತ್ತಿಕೊಂಡು ಓಡಿಬಿಟ್ಟೆ. ನಮ್ಮ ಕಡೆ ಸೊಸೆಯನ್ನು ತವರೂರಿನ ಹೆಸರು ಹಿಡಿದೇ ಕರೆಯುತ್ತಾರೆ. ನನ್ನ ತವರು ಅತನೂರು; ನನ್ನನ್ನು ಹಾಗೆ ಕರೆಯುತ್ತಿದ್ದವರು ಅತ್ತೆಯೊಬ್ಬರೇ. ಅವರು ಹೋದ ಮೇಲೆ ಮನೆಯಲ್ಲಿ ನಾನು ಅವ್ವ, ಓಣಿಯಲ್ಲಿ ಕಾಕು. ಅತನೂರಾಕಿ ಅನ್ನುವವರು ಯಾರೂ ಉಳಿದಿಲ್ಲ.

ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದ್ದು ಗುರುತಿಲ್ಲದ ಅಜ್ಜಿ. ಅವರ ಸೊಸೆ ನನ್ನ ಹಿಂದೆಯೇ ಏದುಸಿರು ಬಿಡುತ್ತ ಬಂದಳು.

"ನಾನೂ ಅತನೂರಾಕಿನೇ ರೀ, ಯವ್ವಾ," ಎಂದೆ, ನಾಚಿಕೊಂಡು.

"ಒಬ್ಬಾಕಿನ್ನ ಸಂಭಾಳ್ಸೋದೇ ಸಾಕಾಗ್ಯದ, ಇನ್ನೊಬ್ಬಾಕಿ ಬಂದ್ಯಾ!" ಅಜ್ಜಿ ನಕ್ಕರು.

ಬಸ್ ಹೊರಟಿತು. ನನ್ನ ಜೇವರ್ಗಿ ಬಸ್ ಬರುವವರೆಗೂ, ಆ ಅಜ್ಜಿ ಇನ್ನೊಂದು ಸಲ ಕೂಗಿದ್ದರೆ ಎಂದುಕೊಳ್ಳುತ್ತ ಕಟ್ಟೆಯ ಮೇಲೆ ಕುಳಿತಿದ್ದೆ.